ಎರಡು ಕಚೇರಿ, ಒಂದು ತಲೆ

ಐಸ್ ಹಾಕಿ ಲೀಗಿನ ಆಟಗಾರ್ತಿಯರನ್ನು ದೇಶದ ತಂಡಕ್ಕೆ ಬಿಟ್ಟುಕೊಡುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬರುವ ಗುರುವಾರ ನನ್ನ ಮಗಳು ಧೃತಿಯನ್ನು ಅಂತರರಾಷ್ಟ್ರೀಯ ಪಂದ್ಯಾವಳಿಗೆಂದು ವಿಮಾನ ಹತ್ತಿಸಲಿದ್ದೀರಿ. ಹತ್ತಿಸಬೇಡಿ. ಅವಳ ತಲೆಗೆ ಪೆಟ್ಟಾಗಿದೆ. ನಿಮ್ಮ ಕಾಗದದಲ್ಲಿ ಮಾತ್ರ ಆಗಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ತಲೆ ಕೆಡಿಸಿಕೊಳ್ಳಬೇಡಿ ಎಂಬರ್ಥದ ಉತ್ತರ ಎರಡು ಸಲವೂ ಬಂತು. ಕೆಟ್ಟಿರುವುದು ನನ್ನ ತಲೆಯಲ್ಲ, ಮಾನ್ಯರೇ! ಆದರೆ ಆ ಪತ್ರಗಳಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ಅದನ್ನೀಗ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ಎಲ್ಲರೆದುರು ಹೇಳುತ್ತಿದ್ದೇನೆ. ಅನುವಾದ ನಿಮ್ಮ ಕಚೇರಿಗೂ ಬರುತ್ತದೆ.

ಸೀಸನ್ ಶುರುವಾಗುವ ಮೊದಲು ನೀವು ಪ್ರತಿಯೊಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತೀರಿ: ಪದಗಳನ್ನು ನೆನಪಿಟ್ಟು ಹೇಳುವುದು, ಬಣ್ಣ ಕಂಡೊಡನೆ ಗುಂಡಿ ಒತ್ತುವುದು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಅಂಕ ಮೊದಲಿನಷ್ಟೇ ಬಂದರೆ ತಲೆ ನೆಟ್ಟಗಿದೆ, ಹೋಗಿ ಆಡು. ಸೆಪ್ಟೆಂಬರಿನಲ್ಲಿ ಧೃತಿಗೆ ಬಂದದ್ದು ನೂರಕ್ಕೆ ಐವತ್ತೆಂಟು. ತೊಂಬತ್ತೆಂಟು ತಂದರೆ ಉಳಿದೆರಡು ಎಲ್ಲಿ ಎಂದು ಕೇಳುವ ಮನೆ ನಮ್ಮದು.

"ಏನಮ್ಮಾ ಇದು, ಗ್ರೇಸ್ ಮಾರ್ಕ್ಸ್ ಏನಾದ್ರೂ ಕೊಡ್ತಾರಾ?" ಎಂದೆ.

"ರಿಲ್ಯಾಕ್ಸ್ ಅಪ್ಪಾ. ಬೇಕಂತಾನೇ ಕಡಿಮೆ ಮಾಡಿದ್ದು. ಎವ್ರಿಬಡಿ ಡಸ್ ಇಟ್. ಆಮೇಲೆ ತಲೆಗೆ ಹಿಟ್ ಆದ್ರೂ ಸ್ಕೋರ್ ಮ್ಯಾಚ್ ಆಗತ್ತೆ, ಆಟದಿಂದ ಹೊರಗೆ ಕೂರಿಸಲ್ಲ."

ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ವುಡ್‌ಬ್ರಿಡ್ಜಿನ ಸ್ನೇಹಿತರ ಮನೆಯ ಪಾಟ್‌ಲಕ್ ಊಟದಲ್ಲಿ "ಫೇಲಾಗೋದ್ರಲ್ಲೂ ನನ್ನ ಮಗಳು ಫಸ್ಟ್ ಕ್ಲಾಸ್" ಎಂದು ಜೋಕು ಹೊಡೆದು ಬಂದೆ.

ಜನವರಿಯಲ್ಲಿ ಎದುರಾಳಿಯೊಬ್ಬಳು ಅವಳನ್ನು ಮಂಜುಗಡ್ಡೆಯ ರಿಂಕಿನ ಗೋಡೆಗೆ ಅಪ್ಪಳಿಸಿದಳು. ಮೂರು ವಾರದಲ್ಲಿ ಇನ್ನೊಬ್ಬಳು. ಆ ಬಳಿಕದ ಪರೀಕ್ಷೆಯಲ್ಲಿ ಬಂದದ್ದು ಅರವತ್ತೊಂದು. ಮೂರು ಅಂಕ ಹೆಚ್ಚು! ಹೆಂಡತಿ ನಿರುಪಮಾ ಕೇಸರಿಬಾತ್ ಮಾಡಿದಳು, ನಾನು ಎರಡು ಸಲ ಹಾಕಿಸಿಕೊಂಡೆ. ಅಂಕ ಏರಿದರೆ ಸಿಹಿ ಮಾಡುವುದು ನಮಗೆಷ್ಟು ರೂಢಿಯೆಂದರೆ, ಯಾವ ಪರೀಕ್ಷೆಯ ಅಂಕ ಎಂದು ಇಬ್ಬರೂ ಯೋಚಿಸಲಿಲ್ಲ.

ಎರಡು ವಾರದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಸೀಕಾಕಸ್ ರೈಲು ಸ್ಟೇಷನ್ನಿನಿಂದ ಬ್ರಿಡ್ಜ್‌ವಾಟರಿನ ಮನೆಗೆ ಅವಳನ್ನು ಕಾರಿನಲ್ಲಿ ಕರೆತರುತ್ತಿದ್ದೆ. ಮೋಡ ಕವಿದಿದ್ದರೂ ಅವಳು ಕಪ್ಪು ಕನ್ನಡಕ ತೆಗೆಯಲಿಲ್ಲ.

"ಅಮ್ಮ ಮನೇಲಿದಾಳಾ?"

"ಇದಾಳಮ್ಮ."

ಹತ್ತು ನಿಮಿಷ ಬಿಟ್ಟು ಅದೇ ಪ್ರಶ್ನೆ, ಅದೇ ದನಿ. ತಮಾಷೆ ಮಾಡುತ್ತಿದ್ದಾಳೆಂದುಕೊಂಡು "ಇಲ್ಲ, ಚಂದ್ರಲೋಕಕ್ಕೆ ಹೋಗಿದಾಳೆ" ಎಂದೆ.

"ಓಕೆ" ಎಂದಳು. ನಗಲಿಲ್ಲ. ಮನೆ ಹತ್ತಿರವಾದಾಗ ಮೂರನೆಯ ಸಲ ಕೇಳಿದಳು. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ.

"ಆ ಅರವತ್ತೊಂದು... ಅದೂ ಬೇಕಂತ ತೆಗೆದದ್ದಾ?"

"ನೋ. ದಟ್ ವಾಸ್ ಮೈ ಬೆಸ್ಟ್. ಆ ಪದಗಳು ತಲೇಲಿ ನಿಲ್ಲೋದೇ ಇಲ್ಲ ಅಪ್ಪಾ." ಕನ್ನಡಕ ಸರಿಮಾಡಿಕೊಂಡು ಹೇಳಿದಳು: "ಯಾರಿಗೂ ಹೇಳಬೇಡ. ನಾಲ್ಕು ವರ್ಷದಿಂದ ಈ ಟೀಮಿಗೆ ಕಾದಿದೀನಿ. ಹೇಳಿದ್ರೆ ನಿನ್ನ ಜೊತೆ ಮಾತಾಡಲ್ಲ. ಎವರ್."

ವೃತ್ತಿಪರರು ದೇಶಕ್ಕಾಗಿ ಆಡಬೇಕೆ, ಬೇಡವೆ ಎಂದು ನೀವು ಟಿವಿಯಲ್ಲಿ ಘನಗಂಭೀರವಾಗಿ ಚರ್ಚಿಸುತ್ತೀರಿ. ಆಡಲಿ, ನನಗೂ ಹೆಮ್ಮೆಯೇ. ಆದರೆ ಲೀಗಿನಲ್ಲಿ ಜಜ್ಜಿಸಿಕೊಂಡವರನ್ನು ಹತ್ತು ದಿನಕ್ಕೆ ಆರು ಪಂದ್ಯವೆಂದು ಕಳಿಸುವಾಗ ಅವರ ತಲೆ ಯಾರ ಹೊಣೆ? ನಿಮ್ಮನ್ನು ಕೇಳಿದರೆ, ಹೊರಟ ಮೇಲೆ ದೇಶದ ತಂಡದ್ದು. ಅವರನ್ನು ಕೇಳಿದರೆ, ಲೀಗ್ ಕೊಟ್ಟ ಕಾಗದ ಸರಿಯಿದೆಯಲ್ಲ! ಹೊಣೆ ಹತ್ತಿರ ಬಂದೊಡನೆ ಕೋಲಿನಿಂದ ಆಚೆ ತಳ್ಳುವ ಈ ಆಟದಲ್ಲಿ ಎರಡು ಕಚೇರಿಗಳೂ ಚಾಂಪಿಯನ್ನರು. ಬೇಕೆಂದೇ ಅಂಕ ಕಳೆದುಕೊಳ್ಳುವ ಸಂಗತಿ ಆಟಗಾರ್ತಿಯರ ಲಾಕರ್ ರೂಮಿಗೆ ಗೊತ್ತು, ನನ್ನಂಥ ಅವಿವೇಕಿಗೂ ಗೊತ್ತಿತ್ತು. ನಿಮಗೆ ಗೊತ್ತಿಲ್ಲವೆಂದು ನಂಬಲೇ? ಮೂರನೆಯ ಪೆಟ್ಟು ಯಾವ ದೇಶದ ರಿಂಕಿನಲ್ಲಿ ಕಾದು ನಿಂತಿದೆಯೋ, ಅದಕ್ಕಂತೂ ನಿಮ್ಮ ಕಾಗದ ಓದಲು ಬರುವುದಿಲ್ಲ.

ಆದ್ದರಿಂದ ಸೆಪ್ಟೆಂಬರಿನ ಆ ಸುಳ್ಳು ಕಾಗದವನ್ನು ಹರಿದುಹಾಕಿ. ನಿಮಗೂ ದೇಶದ ತಂಡಕ್ಕೂ ಸೇರದ ನರರೋಗ ತಜ್ಞರೊಬ್ಬರಿಂದ ಧೃತಿಯನ್ನೂ ಅವಳ ಜೊತೆ ಹೊರಟವರನ್ನೂ ಪರೀಕ್ಷೆ ಮಾಡಿಸಿ. ಅವರು ಒಪ್ಪುವವರೆಗೆ ಯಾರನ್ನೂ ವಿಮಾನ ಹತ್ತಿಸಬೇಡಿ. ಇದು ಅಚ್ಚಾದ ದಿನವೇ ಮಗಳು ನನ್ನೊಡನೆ ಮಾತು ಬಿಡುತ್ತಾಳೆ. ಮಾತು ಬಿಟ್ಟ ಮಗಳೊಡನೆ ಹೇಗೋ ಬಾಳಬಲ್ಲೆ. ಮಾತು ಮರೆತ ಮಗಳೊಡನೆ ಬಾಳಲಾರೆ.

ಇಂತಿ,
ಮಗಳ ಗುಟ್ಟು ರಟ್ಟು ಮಾಡಿ, ಅದಕ್ಕೆ ಸಹಿಯನ್ನೂ ಹಾಕಿದ
ಪ್ರಾಣೇಶ