ಹಕಾರದ ಮೇಣದಬತ್ತಿ

ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ಹೇಳೋಣವೆಂದರೆ ನೀವು ನಡುವೆಯೇ ನನ್ನ ಉಚ್ಚಾರ ತಿದ್ದಲು ಶುರುಮಾಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಪುಟ್ಟಿಯ ಹುಟ್ಟುಹಬ್ಬ. ಕೇಕಿನ ಮೇಲೆ ಮೇಣದಬತ್ತಿ ಹಚ್ಚಿದ್ದೇ ತಡ, ನಿಮ್ಮ ಮೊಮ್ಮಗಳು ಮೇಜಿನ ಕೆಳಗೆ ನುಸುಳಿದಳು. "ಬೇಡಮ್ಮ, ನಂಗೆ ಬರಲ್ಲ, ದೀಪ ಅಲ್ಲಾಡಲ್ಲ" ಎಂದು ಒಂದೇ ಅಳು. ಕಳೆದ ಸಲ ಬಂದಾಗ, ಅವಳು ಹಾಲಿಗೆ "ಆಲು" ಅಂದಳೆಂದು ನೀವು ಅವಳ ಬಾಯಿಯ ಮುಂದೆ ಮೇಣದಬತ್ತಿ ಹಿಡಿದು, "ಹಾಲು ಅನ್ನು, ಜ್ವಾಲೆ ಅಲ್ಲಾಡಬೇಕು" ಎಂದು ಊಟಕ್ಕೂ ಬಿಡದೆ ಕೂರಿಸಿದ್ದಿರಲ್ಲ, ಅದರ ಫಲ ಇದು.

ರೇಡಿಯೊದಲ್ಲಿ ವಾರ್ತೆ ಓದಿದವರು ನೀವು, ಒಪ್ಪಿದೆ. ಆದರೆ ನಮ್ಮ ಬೀದಿಯ ಹಾಲಿನವನೂ "ಆಲು" ಎಂದೇ ಕೂಗುತ್ತಾನೆ. ಅವಳ ಟೀಚರೂ ಅವಸರದಲ್ಲಿ ಹಾಗೇ ಅನ್ನುತ್ತಾರೆ. ಮಗು ಕೇಳಿದ್ದನ್ನು ಆಡುತ್ತದೆ. ಹಾಲು ಹಿಂದೆ "ಪಾಲು" ಆಗಿತ್ತೆಂದು ನನಗೆ ಹೇಳಿಕೊಟ್ಟವರೇ ನೀವು. ಆಗಲೂ ಯಾರೋ ಒಬ್ಬ ಅಜ್ಜ, "ಪ ಅನ್ನೋಕೆ ನಿಮಗೇನು ರೋಗ?" ಎಂದು ಮೊಮ್ಮಕ್ಕಳ ಮೇಲೆ ಹರಿಹಾಯ್ದಿರಬೇಕು. ಆ ಮಕ್ಕಳ ತಪ್ಪನ್ನೇ ನೀವು ಇವತ್ತು ಶುದ್ಧ ಭಾಷೆಯೆಂದು ಕಾಯುತ್ತಾ ಕೂತಿದ್ದೀರಿ!

ಭಾನುವಾರ ಬನ್ನಿ. ಮೊಣಕಾಲಿನ ಪಟ್ಟಿ ಮರೆಯಬೇಡಿ, ನಮ್ಮ ಮೆಟ್ಟಿಲು ಇನ್ನೂ ರಿಪೇರಿಯಾಗಿಲ್ಲ. ಪುಟ್ಟಿ ಏನಂದರೂ, ಹೇಗಂದರೂ ಸುಮ್ಮನೆ ಕೇಳಿಸಿಕೊಳ್ಳಿ. ನೀವು ಹೋದಾಗಿನಿಂದ ಅವಳು "ಅಜ್ಜ" ಎನ್ನುವುದನ್ನೇ ಬಿಟ್ಟಿದ್ದಾಳೆ, "ಅವರು" ಅನ್ನುತ್ತಾಳೆ.

ಅಜ್ಜ ಎಂಬುದರಲ್ಲಿ ಹಕಾರವೇ ಇಲ್ಲವಲ್ಲ, ಅಪ್ಪಾ.

ಇಂತಿ,
ನಿಮ್ಮ ಮಗಳು