ಹೀರಾಬಾಯಿಯ ಎಡಗೈಯನ್ನು ನೀವು ಕೇಳಲೇ ಇಲ್ಲ

ನೌಕರರ ದೇಹಬಲ ಅಳೆಯುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕ ಹೀರಾಬಾಯಿಯ ಅರ್ಧ ದೇಹ ಪರೀಕ್ಷಿಸಿ ಇಡೀ ದೇಹಕ್ಕೆ ತೀರ್ಪು ಬರೆದಿದ್ದೀರಿ. ಇದೇ ನನ್ನ ದೂರು. ಉಳಿದದ್ದೆಲ್ಲ ವಿವರ. ಅದನ್ನು ಓದುವ ತಾಳ್ಮೆ ತಮಗಿದೆಯೆಂದು ನಂಬಿದ್ದೇನೆ. ತಮ್ಮನ್ನು ನಂಬುವ ಚಾಳಿ ನನಗಿನ್ನೂ ಪೂರ್ತಿ ಬಿಟ್ಟಿಲ್ಲ.

ಅಕ್ಕ ಭಾಲ್ಕಿಯ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆಯವಳು. ಔರಾದ ತಾಲ್ಲೂಕಿನ ಡಾಬಕಾದಲ್ಲಿ ಕುರಿಗಳ ಹಿಂದೆ ಓಡಿ ಬೆಳೆದವಳು ಈಗ ಬೆಳಗು ಸಂಜೆ ತಲೆ ಬಗ್ಗಿಸಿ ಜೋಳದ ರೊಟ್ಟಿ ಬಡಿಯುತ್ತಾಳೆ. ಇಷ್ಟು ವರ್ಷ ತಲೆ ಬಗ್ಗಿಸಿದವರಿಗೆ ಸರ್ಕಾರಿ ಕಚೇರಿಗಳಲ್ಲಿ ಬಡ್ತಿ ಸಿಗುತ್ತದೆ; ಅಕ್ಕನಿಗೆ ಕತ್ತಿನ ಡಿಸ್ಕ್ ಸವೆಯಿತು. ರೊಟ್ಟಿಯನ್ನು ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ. ಆ ಎಡಗೈ ಜೋಮು ಹಿಡಿದು ಮಾತು ಕೇಳದಾಗಿದೆ. ಹುಣ್ಣಿಮೆಯಂತಿದ್ದ ಅವಳ ರೊಟ್ಟಿ ಈಗ ನಮ್ಮ ಔರಾದ ತಾಲ್ಲೂಕಿನ ನಕಾಶೆ: ಒಂದು ಮೂಲೆ ಮಹಾರಾಷ್ಟ್ರಕ್ಕೆ, ಇನ್ನೊಂದು ತೆಲಂಗಾಣಕ್ಕೆ. ಬಡಿಯುವ, ಹೊರುವ ಕೆಲಸ ಬಿಡಿಸಿ ಉಗ್ರಾಣ ನೋಡಿಕೊಳ್ಳಲು ಹಾಕಿ ಎಂಬುದಷ್ಟೇ ಅವಳ ಬೇಡಿಕೆ. ಅದಕ್ಕೆ ತಮ್ಮ ಒಪ್ಪಿಗೆ ಬೇಕಿತ್ತು.

ತಾವು ಬೀದರಿನಲ್ಲಿ ನಮ್ಮ ಕಾಲೇಜಿಗೆ ಬಂದು ಭಾಷಣ ಮಾಡಿದ್ದು ನೆನಪಿದೆಯೇ? "ಕತ್ತಿನ ಡಿಸ್ಕ್ ಸವೆದವರೆಲ್ಲ ದುರ್ಬಲರಲ್ಲ. ಸವೆತವಿದ್ದೂ ಸ್ನಾಯು ಗಟ್ಟಿ ಇರುವವರು ಬಹಳ. ಆದರೆ ಡಿಸ್ಕ್ ಯಾವ ನರವನ್ನು ಒತ್ತುತ್ತದೋ ಆ ನರದ ಸ್ನಾಯು ಸೋಲುತ್ತದೆ, ಒಂದೇ ಕಡೆ ಸೋಲಲೂಬಹುದು. ಬರೀ ಎಕ್ಸ್‌ರೇ ಚಿತ್ರ ನೋಡಿ ತೀರ್ಪು ಕೊಡಬೇಡಿ, ಎರಡೂ ಕೈ ಹಿಡಿದು ನೋಡಿ" ಎಂದಿರಿ. ವಂದನಾರ್ಪಣೆ ಮಾಡಿದವನು ನಾನೇ. ಇಂಥ ಅಧಿಕಾರಿ ಸಿಗುವುದು ನಮ್ಮ ಜಿಲ್ಲೆಯ ಪುಣ್ಯ ಎಂದಿದ್ದೆ. ಆ ಪುಣ್ಯವನ್ನು ಈಗ ವಾಪಸು ಪಡೆಯಲು ಯಾವ ಕೌಂಟರಿಗೆ ಹೋಗಬೇಕು?

ಅಕ್ಕ ಮೊದಲೇ ಹಿಂಜರಿದಿದ್ದಳು. "ಬ್ಯಾಡೋ ತಮ್ಮಾ. ದೊಡ್ಡವ್ರ ಮುಂದ ನೋವು ಅಂದ್ರ ನಾಟಕ ಅಂತಾರ."

"ಈ ಸಾಹೇಬರು ಹಂಗಲ್ಲಕ್ಕಾ. ಅವರ ಭಾಷಣ ನಾನೇ ಕೇಳೀನಿ" ಎಂದು ತಮ್ಮ ಪರೀಕ್ಷೆಗೆ ಕರೆತಂದೆ.

ನನ್ನನ್ನು ಬಾಗಿಲಾಚೆ ನಿಲ್ಲಿಸಿದಿರಿ. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅಕ್ಕ ಹೊರಬಂದಳು, ಮುಖವೆಲ್ಲ ಬೆಳಕು. "ಸಾಹೇಬರು ಭಾಳ ಛಲೋ ಅದಾರ ನೋಡು. ಬೆರಳು ಮುಂದ ಮಾಡಿ ಹಿಚುಕು ಅಂದ್ರು. ಹಿಚುಕಿದ್ನಿ. ಇನ್ನೊಂದ್ ಕೈ ಅಂದಂಗಾತು, ಮತ್ತ ಅದೇ ಕೈಲೇ ಹಿಟ್ಟು ನಾದಿದಂಗ ಹಿಚುಕಿದ್ನಿ. ಅಬ್ಬಾ ಅಂತ ನಕ್ರು!"

"ಎಡಗೈ ಯಾಕ ಕೊಡ್ಲಿಲ್ಲಕ್ಕಾ?"

"ಹುಚ್ಚಪ್ಪಾ, ಅಂಥ ದೊಡ್ಡ ಮನುಷ್ಯಾಗ ಎಡಗೈ ಕೊಡ್ತಾರೇನೋ? ಅವ್ವ ನಮಗ ಹ್ಯಾಂಗ ಕಲಿಸ್ಯಾಳ?"

ಆ ಸೋತ ಕೈಯನ್ನು ಅವಳು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು ಸ್ವಾಮಿ, ತಮಗೆ ಅಪಮಾನವಾದೀತೆಂದು. ತಪ್ಪು ಅವಳದೂ ಹೌದೆನ್ನಿ. ಆದರೆ ಎರಡು ಸಲವೂ ತಮ್ಮ ಬೆರಳು ಹಿಡಿದದ್ದು ಒಂದೇ ಕೈ ಎಂದು ತಮ್ಮ ಬೆರಳಿಗೂ ತಿಳಿಯಲಿಲ್ಲವೇ? ಎಡ ಬಲ ತಿಳಿಯದವರನ್ನು ನಮ್ಮಲ್ಲಿ ಎತ್ತಿನ ಗಾಡಿಗೂ ಕೂರಿಸುವುದಿಲ್ಲ.

ಆದೇಶ ಬಂತು: "ಸ್ನಾಯುಬಲ ಉತ್ತಮ. ಸವೆತ ವಯೋಸಹಜ. ನಟನೆಯ ಸಾಧ್ಯತೆಯಿದೆ. ಎಲ್ಲ ಕೆಲಸಕ್ಕೂ ಅರ್ಹಳು." ವಯೋಸಹಜ ಎಂಬುದನ್ನು ಒಪ್ಪುತ್ತೇನೆ. ನಮ್ಮ ಬೀದರ ಕೋಟೆಯ ಸವೆತವೂ ವಯೋಸಹಜವೇ. ಆದರೆ ಕೋಟೆಯ ತಲೆಯ ಮೇಲೆ ಯಾರೂ ಹಿಟ್ಟಿನ ಚೀಲ ಹೊರಿಸುವುದಿಲ್ಲ. ಇನ್ನು "ನಟನೆ" ಎಂಬ ಪದವನ್ನು ಅಕ್ಕನಿಗೆ ಓದಿ ಹೇಳಬೇಕಾದವನು ನಾನು. ಅವಳು ಅಳಲಿಲ್ಲ. "ನಾ ಹೇಳಿದ್ದಿಲ್ಲೇನು?" ಎಂದಷ್ಟೇ ಅಂದು ಹಿಟ್ಟು ಕಲಸಲು ಎದ್ದಳು. ಅವಳು ತಮಗೆ ಕೈ ಕೊಟ್ಟಳು, ತಾವು ಅವಳಿಗೆ ಕೈಕೊಟ್ಟಿರಿ. ನನ್ನ ಹಾಸ್ಯಪ್ರಜ್ಞೆ ಈ ಸಾಲಿಗೆ ನಗಲು ಒಪ್ಪುತ್ತಿಲ್ಲ.

ಹೋದ ವಾರ, ಇಬ್ಬರು ಹಿಡಿದು ಒಯ್ಯುವ ಬೇಳೆಯ ಹಂಡೆ ಅಕ್ಕನ ಎಡಗೈಯಿಂದ ಜಾರಿತು. ಬಿಸಿ ಬೇಳೆ ಬಿದ್ದದ್ದು ಅವಳ ಜೊತೆಗಾತಿ ಮಹಮೂದಾ ಬೇಗಂ ಅವರ ಪಾದದ ಮೇಲೆ. ನೋಡಲು ಹೋದಾಗ ಆಕೆ ಬೊಬ್ಬೆಯೆದ್ದ ಕಾಲು ಚಾಚಿ ಕೂತಿದ್ದರು.

"ನಂದು ಬಿಡ್ರಿ ಭಾಯಿ, ಬುಡ್ಡಿ ಮುದುಕಿ ಕಾಲು. ಊಟದ ಪಂಗತಿಯೊಳಗ ಸಣ್ಣ ಬಚ್ಚೇರು ಕುಂತಿದ್ರು. ಅವರ ಮ್ಯಾಲ ಬಿದ್ದಿದ್ರ? ನಿಮ್ಮ ಸಾಹೇಬರು ಅದಕ್ಕೂ ನಾಟಕ ಅಂತ ಬರೀತಿದ್ರೇನ್ರಿ?"

ಆಕೆಯ ಪ್ರಶ್ನೆಯನ್ನು ತಮಗೇ ಕಳಿಸುತ್ತಿದ್ದೇನೆ. ಉತ್ತರವಿದ್ದರೆ ತಿಳಿಸಿ. ಅಕ್ಕ ಅಂದಿನಿಂದ ಹಂಡೆ ಮುಟ್ಟಲು ಹೆದರುತ್ತಾಳೆ. ಮುಟ್ಟದಿದ್ದರೆ ಕೆಲಸ ಬಿಡು ಎನ್ನುತ್ತಾರೆ ನಿಲಯದವರು, ಆಧಾರಕ್ಕೆ ತಮ್ಮದೇ ಆದೇಶ.

ಆದ್ದರಿಂದ ಆ ಆದೇಶ ಹಿಂಪಡೆಯಿರಿ. ಮರುಪರೀಕ್ಷೆ ಮಾಡಿ, ಅಲ್ಲಿಯವರೆಗೆ ಅವಳಿಂದ ಹಂಡೆ ಎತ್ತಿಸಬಾರದೆಂದು ಬರೆದು ಕಳಿಸಿ. ಪರೀಕ್ಷೆಯ ದಿನ ತಾವೇ "ಎಡಗೈ ಕೊಡಮ್ಮಾ" ಎಂದು ಬಾಯಿಬಿಟ್ಟು ಕೇಳಿ. ನಾನು ಹೇಳಿ ಸೋತಿದ್ದೇನೆ. "ಸಾಹೇಬರೇ ಎಡಗೈ ಅಂತ ಹೆಸರು ಹಿಡಿದು ಕೇಳಿದ್ರ ಕೊಡ್ತೇನಿ. ಕೇಳದ ನಾನಾಗೇ ಎಡಗೈ ಹ್ಯಾಂಗ ಮುಂದ ಮಾಡ್ಲಿ?" ಎನ್ನುತ್ತಾಳೆ. ಇಷ್ಟೆಲ್ಲ ಆದ ಮೇಲೂ, ಈ ಊರಿನಲ್ಲಿ ತಮ್ಮ ಮರ್ಯಾದೆ ಕಾಯುತ್ತಿರುವುದು ಸೆರಗಿನೊಳಗಿನ ಅದೊಂದು ಕೈ.

ಇಂತಿ,
ಅಂದು ತಮ್ಮ ಭಾಷಣಕ್ಕೆ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ
ವೈಜಿನಾಥ
ಕನ್ನಡ ಉಪನ್ಯಾಸಕ, ಚಿದ್ರಿ, ಬೀದರ