ಬೂಟಿನ ಗಂಟು

ಜನವರಿ 9, 2024

ಅಕ್ಷರ ಸೊಟ್ಟ ಇವೆ. ಒತ್ತಕ್ಷರ ಬಂದಲ್ಲೆಲ್ಲ ಕೈ ತಡೆಯುತ್ತದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಯಾರಿಗೂ ತೋರಿಸಲು ಬರೆಯುತ್ತಿಲ್ಲ, ಆದರೂ ಕ್ಷಮೆ ಇರಲಿ. ಖಾನಾವಳಿಗೆ ರೊಟ್ಟಿ ಬಡಿದು ಈಗ ಬಂದೆ. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿದೆ, ಪೆನ್ನು ಜಾರುತ್ತದೆ.

ಡೈರಿ ಅಣ್ಣನದು. ಮೆಡಿಕಲ್ ಅಂಗಡಿಯವರು ಗುಳಿಗೆ ಜೊತೆ ಕೊಟ್ಟಿದ್ದು. "ನಾ ಏನ್ ಬರೀಲಿ? ನೀನ ಇಟ್ಕೋ ನಿಮ್ಮಿ. ನಿನಗ ಬಾಯಂತೂ ಇಲ್ಲ, ಇದರಾಗಾದ್ರೂ ಮಾತಾಡು" ಎಂದ.

ಅಣ್ಣ ಮಲ್ಲೇಶ ಇಲ್ಲೇ ದಾಂಡೇಲಿಯ ಪೇಪರ್ ಮಿಲ್ಲಿನ ಕಟ್ಟಿಗೆ ಯಾರ್ಡಿನಲ್ಲಿ ಕಾಂಟ್ರಾಕ್ಟ್ ಕೂಲಿ. ಹೊಸ ಗೇಟ್ ಪಾಸಿಗೆ ಎಲ್ಲರ ರಕ್ತ ತೆಗೆದಿದ್ದರು. ಅವನೊಬ್ಬನಿಗೆ ದವಾಖಾನೆಗೆ ತೋರಿಸು ಎಂದರು. ಅಲ್ಲಿ ಲೇಡಿ ಡಾಕ್ಟರ್ ಬಾಯಾರು ಕೊಲೆಸ್ಟ್ರಾಲ್ ಎಂದರಂತೆ. ಇವನಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದರು — "ರಕ್ತದಾಗ ಕೊಬ್ಬು ಭಾಳ ಐತಿ."

ಅಷ್ಟೇ ಸಾಕಾಯಿತು. ಜೊತೆಗೆ ಹೋಗಿದ್ದ ಯಾರ್ಡಿನ ಗೆಳೆಯ ಗೂಳಪ್ಪ ಗಲ್ಲಿಯ ತುದಿಯಿಂದಲೇ ಕೂಗುತ್ತ ಬಂದ.

"ಕಾಕೂ, ನಿನ್ನ ಮಗನಿಗೆ ಕೊಬ್ಬು ಬಂದೈತಿ! ಸುಳ್ಳಲ್ಲ, ಡಾಕ್ಟರ ಬರದ ಕೊಟ್ಟಾರ!"

"ಬಿದಿರಗಳಾ ಇದ್ದಂಗ ಅದಾನ. ಎಲ್ಲಿಂದ ಬರಬೇಕೋ ಕೊಬ್ಬು?" ಎಂದಳು ಅವ್ವ.

ಅಣ್ಣನೂ ನಕ್ಕ. "ಪಗಾರ ಏರಲಿಲ್ಲ, ಇದಾದ್ರೂ ಏರೇತಲ್ಲ, ಬಿಡು."

ವೈನಿ, ಅಣ್ಣನ ಹೆಂಡತಿ, ನಗಲಿಲ್ಲ. ಗುಳಿಗೆಯ ಪಾಕೀಟು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಜನವರಿ 17

ಇವತ್ತು ಅಣ್ಣ ನನ್ನನ್ನೂ ದವಾಖಾನೆಗೆ ಕರೆದೊಯ್ದ. "ಚೀಟಿ ಓದಾಕ ನೀ ಬೇಕು" ಎಂದ. ಅವನು ನನಗಿಂತ ಹೆಚ್ಚು ಓದಿದ್ದಾನೆ. ಹೆದರಿಕೆ, ಅದಕ್ಕೆ.

ಬಾಯಾರದು ಚಿಕ್ಕ ವಯಸ್ಸು. ನಮ್ಮ ಕಡೆಯವರೇ. ಅಪ್ಪನ ಬಗ್ಗೆ ಕೇಳಿದರು.

"ಹೆಂಗ ತೀರಿಕೊಂಡ್ರು?"

"ಎದಿ ಹಿಡೀತ್ರಿ. ನಾಷ್ಟಾ ಮಾಡಾಕ ಕುಂತಿದ್ರು."

"ಆಗ ವಯಸ್ಸು?"

"ನಲವತ್ತೊಂದೋ, ಎರಡೋ."

ಪೆನ್ನು ಕೆಳಗಿಟ್ಟರು. ಬೂಟು ಬಿಚ್ಚಿಸಿದರು. ಹಿಮ್ಮಡಿಯ ಮೇಲಿನ ನರವನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು. ಅಲ್ಲಿ ಅಣ್ಣನಿಗೆ ಗಂಟಿದೆ, ಎರಡೂ ಕಾಲಿಗೆ.

"ಇದು ಯಾವಾಗಿಂದ ಐತಿ?"

"ಅದು ಬೂಟಿನ ಗಂಟು ರೀ. ಸೇಫ್ಟಿ ಬೂಟು ಗಟ್ಟಿ ಇರತಾವಲ್ರಿ, ತಿಕ್ಕಿ ತಿಕ್ಕಿ ಬರತೈತಿ. ಯಾರ್ಡಿನಾಗ ದುಡದ ನಮ್ಮಪ್ಪಗೂ ಇತ್ತು."

"ನಿಮ್ಮಪ್ಪಗೂ ಇತ್ತು" ಎಂದರು ಅವರು. ನಮಗಲ್ಲ, ತಮಗೇ ಹೇಳಿಕೊಂಡ ಹಾಗೆ.

ಬೂಟಿನ ಗಂಟಲ್ಲವಂತೆ. ರಕ್ತದ ಕೊಬ್ಬೇ ಬಂದು ಕೂತು ಗಟ್ಟಿಯಾದದ್ದು. ಎದೆಯ ನಳಿಕೆಗಳಲ್ಲೂ ಹೀಗೇ ಕೂರುತ್ತದೆ, ಅದು ಕೈಗೆ ಸಿಗುವುದಿಲ್ಲ. ತಿಂದು ಬಂದದ್ದಲ್ಲ, ಹುಟ್ಟುತ್ತಲೇ ಬಂದದ್ದು. ಲಿವರ್ ಇದನ್ನು ಸೋಸಿ ತೆಗೆಯಬೇಕು. ಕೆಲವು ಮನೆತನದಲ್ಲಿ ಆ ಸೋಸುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಊಟದಲ್ಲಿ ಹಿಡಿತ ಬೇಕು, ಆದರೆ ಬರೀ ಊಟದಿಂದ ಇಳಿಯುವುದಿಲ್ಲ. ಗುಳಿಗೆ ದಿನಾ, ಜೀವ ಇರುವ ತನಕ. ಒಡಹುಟ್ಟಿದವರದು, ಮಕ್ಕಳದು — ಎಲ್ಲರ ರಕ್ತ ನೋಡಬೇಕು.

"ನೀವು ತಂಗಿ ಏನ್ರಿ? ನಿಮ್ಮ ಕಾಲೂ ತೋರಸ್ರಿ, ನೋಡೂಣು."

ಬೆಂಚಿನ ಕೆಳಗೆ ಕಾಲು ಎಳೆದುಕೊಂಡೆ. ಹಿಮ್ಮಡಿ ಒಡೆದಿವೆ, ಕಪ್ಪಾಗಿವೆ. ಬಾಗಿಲಲ್ಲಿ ಎಷ್ಟೋ ಗಂಡಸರು. ಇನ್ನೊಮ್ಮೆ ಬರುತ್ತೇನೆ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಜನವರಿ 18

ಬಚ್ಚಲಲ್ಲಿ ಕಾಲು ತಿಕ್ಕುವಾಗ ನೋಡಿಕೊಂಡೆ. ಎಡಗಾಲಿಗೆ ಇದೆ. ಜೋಳದ ಕಾಳಿನಷ್ಟು. ಬಲಗಾಲಿಗೆ ಒಮ್ಮೆ ಇದೆ ಅನ್ನಿಸುತ್ತದೆ, ಒಮ್ಮೆ ಇಲ್ಲ.

ನಾನು ಎಂದೂ ಬೂಟು ಹಾಕಿದವಳಲ್ಲ.

ಫೆಬ್ರವರಿ 11, ರವಿವಾರ

ವೈನಿ ಎಣ್ಣೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದಾರೆ. ಶೇಂಗಾ ಚಟ್ನಿ ಬಂದ್. ರವಿವಾರದ ಮಟನ್ ಬಂದ್. ಬದನೆಕಾಯಿ ನೀರಿನಲ್ಲೇ ಬೆಂದದ್ದು. ಅಣ್ಣನ ಮಗಳು ಪೂರ್ಣಿಮಾ ತಾಟು ಸರಿಸಿದಳು.

"ಅವ್ವಾ, ಅಪ್ಪಗ ಕೊಬ್ಬು ಬಂದ್ರ ನನಗ್ಯಾಕ ಈ ಪಲ್ಯಾ?"

ಎಲ್ಲರೂ ನಕ್ಕೆವು. ಅವಳಿಗೆ ಎಂಟು ವರ್ಷ. ನಕ್ಕಾದ ಮೇಲೆ ಬಾಯಾರ ಮಾತು ನೆನಪಾಯಿತು. ಮಕ್ಕಳದೂ ನೋಡಬೇಕು.

ಅಣ್ಣ ಅದನ್ನು ಮನೆಯಲ್ಲಿ ಹೇಳಿಲ್ಲ. ನಾನೂ ಇನ್ನೂ —

ಫೆಬ್ರವರಿ 26

ಯಾರ್ಡಿನಲ್ಲಿ ಅವನ ಹೆಸರು ಈಗ ಕೊಬ್ಬಿನ ಮಲ್ಲ್ಯಾ. ನೀರು ಕುಡಿಯಲು ಕುಳಿತರೆ ಕೆಲಸ ಮಾಡಿಸುವ ಮುಕಾದಮ ಕೂಗುತ್ತಾನಂತೆ — "ರಕ್ತದಾಗಿಂದ ತಲಿಗೇರಿತೇನಲೇ?" ಅಣ್ಣ ಬಂದು ನಕ್ಕೊಂಡೇ ಹೇಳಿದ. ಆದರೆ ಪಕ್ಕದ ಮನೆಯವರು ಕೇಳಿದಾಗ ತಾಕತ್ತಿನ ಗುಳಿಗೆ ಎಂದ.

ಬಿ.ಪಿ. ಎಂದು ಹೇಳಿದರೆ ಯಾರೂ ನಗುವುದಿಲ್ಲ. ಸಕ್ಕರೆ ಕಾಯಿಲೆಗೂ ನಗುವುದಿಲ್ಲ. ಕೂಲಿಯವನಿಗೆ ಕೊಬ್ಬು ಎಂದರೆ ಮಾತ್ರ...

ಏಪ್ರಿಲ್ 12

ರಿಪೋರ್ಟು ಬಂತು. ಅರ್ಧಕ್ಕರ್ಧ ಇಳಿದಿದೆ. ಅಣ್ಣ ಪೇಢೆ ತಂದ! ಡಬ್ಬಿ ನೋಡಿ ವೈನಿ ಹಣೆ ಬಡಿದುಕೊಂಡರು. ಆದರೂ ಒಂದು ತಿಂದರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಹಬ್ಬದ ಹಾಗಿತ್ತು.

ಊಟ ಆಯಿತು. ಗುಳಿಗೆ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಇಳೀತಲ್ಲ, ಇನ್ನ್ಯಾಕ?"

"ದಿನಾ ತಗೋಬೇಕು ಅಂದಾರ, ಅಣ್ಣ."

"ಜ್ವರ ಇಳದ ಮ್ಯಾಲೂ ಜ್ವರದ ಗುಳಿಗಿ ನುಂಗತಾರೇನ, ಹುಚ್ಚಿ? ಎಣ್ಣಿ ಬಿಟ್ಟೀನಿ, ಮಟನ್ ಬಿಟ್ಟೀನಿ. ಪಥ್ಯಾ ಮಾಡಿದವ ನಾನು, ಹೆಸರು ಗುಳಿಗಿಗೇನ?"

ಅವ್ವನೂ ಅವನ ಕಡೆ. "ಗುಳಿಗಿ ಗರ್ಮಿ. ತೊಡಿ ನೋಯತಾವ ಅಂತಿದ್ದ. ಬಿಡು, ಸಾಕು."

ತೊಡೆ ನೋಯುವುದನ್ನು ಬಾಯಾರಿಗೆ ಹೇಳಿದ್ದರೆ ಬೇರೆ ಗುಳಿಗೆ ಕೊಡುತ್ತಿದ್ದರೋ ಏನೋ. ಅವನು ಹೇಳಲಿಲ್ಲ.

ಮೇ 3

ಗುಳಿಗೆ ಗೋಡೆಯ ಮಾಡಿನಲ್ಲಿ ಹಾಗೇ ಇದೆ. ಮೇಲೆ ಧೂಳು. ಇವತ್ತು ಮತ್ತೆ ಹೇಳಿದೆ. ಗಟ್ಟಿಯಾಗಿ ಹೇಳಬೇಕೆಂದು ರೊಟ್ಟಿ ಬಡಿಯುವಾಗ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ. ಅವನೆದುರು ನಿಂತಾಗ ಎಂದಿನ ದನಿಯೇ ಬಂತು.

"ಡೈರ್ಯಾಗ ಬರಿ, ಹೋಗು" ಎಂದು ತಲೆಗೆ ಮೊಟಕಿದ.

ಬರೆದೆ.

ಜುಲೈ 6, ಶನಿವಾರ

ಮಳೆ. ಯಾರ್ಡಿನಲ್ಲಿ ಕೆಲಸ ಕಡಿಮೆ. ಕಾಂಟ್ರಾಕ್ಟರ್ ಜೊಯಿಡಾ ಕಡೆ ಲೋಡಿಂಗಿಗೆ ಕಳಿಸುತ್ತಿದ್ದಾನೆ. ಬೆಳಿಗ್ಗೆ ಲಾರಿ, ಸಂಜೆ ಸಿಕ್ಕ ಬಸ್ಸಿಗೆ ವಾಪಸ್.

ದಿಬ್ಬ ಏರುವಾಗ ಎದೆ ಬಿಗಿಯುತ್ತದೆ ಎಂದ. ನಿಂತರೆ ಹೋಗುತ್ತದಂತೆ.

"ಗ್ಯಾಸ್ ಅದು. ನೀರಾಗ ಬೇಯಿಸಿದ್ದು ತಿಂದ್ರ ಗ್ಯಾಸ್ ಆಗದ ಏನಾಗತೈತಿ?" ಎಂದ ಗೂಳಪ್ಪ. ಸೋಡಾ ಕುಡಿಸಿದನಂತೆ.

"ದವಾಖಾನಿಗೆ ಹೋಗೂಣು ನಡಿ, ಅಣ್ಣ. ಈಗ." ಈ ಸಲ ದನಿ ಬಂತು. ಅವ್ವನೂ ತಿರುಗಿ ನೋಡಿದಳು.

ಅವನು ನಗಲಿಲ್ಲ. "ಸೋಮವಾರ ಹೋಗೂಣು" ಎಂದ.

ಆಗಸ್ಟ್ 2

ಸೋಮವಾರ ಲೋಡಿಂಗ್ ಇತ್ತು. ಅದರ ಮುಂದಿನ ಸೋಮವಾರವೂ ಇತ್ತು.

ಆ ಸಂಜೆ ಜೊಯಿಡಾದಲ್ಲಿ ಬೇಗ ಕೆಲಸ ಮುಗಿದಿತ್ತಂತೆ. ಬೆವರುತ್ತಿದ್ದ, ಮಳೆಯಲ್ಲೂ. ಗ್ಯಾಸ್ ಎಂದೇ ಹೇಳಿದ. ಬಸ್ಸು ಬರುವ ತನಕ ಅಂಗಡಿಯ ಕಟ್ಟೆ ಮೇಲೆ ಕೂತಿದ್ದ. ಬಸ್ಸಿನಲ್ಲಿ ಕಿಡಕಿ ಸೀಟು ಹಿಡಿದು, ತಲೆ ಆನಿಸಿ ಮಲಗಿದ. ಗೂಳಪ್ಪ ಮುಂದೆ ಕೂತಿದ್ದ. ದಣಿದಿದ್ದಾನೆ, ಮಲಗಲಿ ಎಂದು ಬಿಟ್ಟ. ದಾಂಡೇಲಿ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಹೆಗಲು ಅಲುಗಿಸಿದ.

ಅಣ್ಣ ಏಳಲಿಲ್ಲ. ಅವನಿಗೆ ಮೂವತ್ತನಾಲ್ಕು ವರ್ಷ.

ದಿವಸದ ಕಾರ್ಯ ಮುಗಿಯಿತು. ಬಂದವರು ವೈನಿಗೆ ಕೇಳುವ ಹಾಗೆಯೇ ಮಾತಾಡಿದರು — ಎಣ್ಣೆ ಬಿಡಿಸಿ ಸೊರಗಿಸಿದಳು ಎಂದು ಕೆಲವರು. ಕದ್ದು ಎಣ್ಣೆ ಹಾಕಿರಬೇಕು ಎಂದು ಕೆಲವರು. ವೈನಿ ಗೋಡೆಗೆ ಒರಗಿ ಅದನ್ನೇ ಹೇಳುತ್ತಾರೆ. "ಒಂದು ಹನಿ ಹಾಕಿಲ್ಲ ನಾ. ಒಂದು ಹನಿ."

ಆಗಸ್ಟ್ 4

ಅವ್ವ ಅಣ್ಣನ ಬೂಟುಗಳನ್ನು ಎತ್ತಿಕೊಂಡು ನಡೆದಳು. ಗೂಳಪ್ಪ ಕೇಳಿದ್ದ, ಅವನ ಸೈಜು ಅದೇ. ಕೊಡಲಿಲ್ಲ.

"ಇವ ನನ್ನ ಗಂಡನ್ನ ತಿಂದೂವು. ಈಗ ಮಗನ್ನ ತಿಂದೂವು. ಇನ್ನೊಬ್ಬರ ಮನಿ ಯಾಕ?"

ಹಿಂದೆ ಓಡಿದೆ. ಬೂಟಿನಿಂದ ಅಲ್ಲ ಅವ್ವಾ ಎಂದೆ. ರಕ್ತದಿಂದ ಬಂದದ್ದು, ಅಪ್ಪನಿಂದ ಬಂದದ್ದು. ದಿನಾ ಗುಳಿಗೆ ತೆಗೆದುಕೊಂಡಿದ್ದರೆ...

ನಿಂತಳು. ನನ್ನ ಮುಖ ನೋಡಿದಳು.

"ಹಂಗಂದ್ರ ನಿಮ್ಮಪ್ಪನೂ ಉಳೀತಿದ್ದ ಅಂತೀಯೇನ?"

ಅವ್ವ ನಾಲೆಯ ತನಕ ಹೋಗಿ ಎಸೆದು ಬಂದಳು. ಒಂದು ಮುಳುಗಿತು. ಇನ್ನೊಂದು ತುಸು ದೂರ ತೇಲಿತು.

ಆಗಸ್ಟ್ 29

ದವಾಖಾನೆಗೆ ಒಬ್ಬಳೇ ಹೋದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದಿದ್ದೆ, ಇವತ್ತು ರಿಪೋರ್ಟು. ಕಾಲು ತೋರಿಸಿದೆ. ಯಾರೂ ಹಿಮ್ಮಡಿಯ ಬಿರುಕು ನೋಡಲಿಲ್ಲ. ಜನವರಿಯಲ್ಲೂ ನೋಡುತ್ತಿರಲಿಲ್ಲ.

ನನಗೂ ಅದೇ. ಬಾಯಾರು ಗುಳಿಗೆ ಬರೆದರು.

"ಬಿಡಬ್ಯಾಡ್ರಿ. ಮದುವಿ ಆದ ಮ್ಯಾಲೆ, ಮಗು ಬೇಕು ಅಂತಂದ್ರ ಮೊದಲ ಬಂದು ನನಗ ಹೇಳ್ರಿ. ಆವಾಗ ಈ ಗುಳಿಗಿ ನಡಿಯೂದಿಲ್ಲ." ಆಮೇಲೆ ಕೇಳಿದರು, "ಅಣ್ಣ ಯಾಕ ಬರಲಿಲ್ಲ?"

ಹೇಳಿದೆ.

ರಿಪೋರ್ಟು ಮಡಚಿಟ್ಟರು. "ಅವರ ಮಗಳು?"

"ಎಂಟು ವರ್ಷ ರೀ."

"ಕರಕೊಂಡ ಬರ್ರಿ. ಈಗ ಗೊತ್ತಾಗಿ ಗುಳಿಗಿ ನುಂಗಿದ್ರ ಅಕಿ ಬದುಕಿ ಮುದುಕಿ ಆಗತಾಳ. ಭಾಳ ಮಂದಿ ಆಗ್ಯಾರ."

ಮುದುಕಿ ಆಗುತ್ತಾಳೆ! ದಾರಿಯುದ್ದಕ್ಕೂ ಆ ಮಾತನ್ನೇ ಹಿಡಿದುಕೊಂಡು ಬಂದೆ.

ಸೆಪ್ಟೆಂಬರ್ 15

ವೈನಿ ಅಕ್ಕಿ ಆರಿಸುತ್ತಿದ್ದರು. ಅವ್ವ ಹೊರಗಿದ್ದಳು. ಪಕ್ಕದಲ್ಲಿ ಕೂತೆ.

"ವೈನೀ, ಪೂರ್ಣಿಮಾನ ರಕ್ತ ಒಮ್ಮೆ ತೋರಸೂಣ್ರಿ. ನಾ ಕರಕೊಂಡ ಹೋಗತೇನಿ."

"ಯಾಕ?"

"ನನಗೂ ಐತ್ರಿ ಅದು. ಇಕಿಗೂ ಇರಬಹುದು ಅಂತ."

ಕೈ ನಿಂತಿತು. ಮೊರ ಕೆಳಗಿಟ್ಟರು.

"ಏನ್ ಮಾಡಲಿಲ್ಲ ನಾ ನಿಮ್ಮಣ್ಣಗ? ರಕ್ತ ತೋರಿಸಿದ್ವಿ. ರಿಪೋರ್ಟ್ ಛಲೋ ಬಂತು, ಪೇಢೆ ತಿಂದ್ವಿ. ಏನಾತು? ಹೆಣ್ಣಮಗಳು ಅದು. ಚೀಟಿ ಮ್ಯಾಲೆ ಒಮ್ಮೆ ಬರದರ ಮುಗೀತು, ನಾಳೆ ಯಾರ ಮಾಡ್ಕೋತಾರ?"

"ಗುಳಿಗಿ ಬಿಟ್ಟದ್ದಕ್ಕ ಹಂಗಾತ್ರಿ, ವೈನೀ..."

"ನಿಮ್ಮ ಮನಿ ಗಂಟು ನಿಮ್ಮ ಮನ್ಯಾಗ ಇರ್ಲಿ, ನಿರ್ಮಲಾ. ನನ್ನ ಕೂಸಿಗೆ ಕಟ್ಟಬ್ಯಾಡ."

ಎಂದಿನ ಹಾಗೆ ನಿಮ್ಮಿ ಎನ್ನಲಿಲ್ಲ. ದಸರೆ ಸೂಟಿ ಮುಗಿಯುತ್ತಲೇ ಪಾಳಾಕ್ಕೆ ತವರಿಗೆ ಹೋಗುತ್ತಾರೆ. ಪೂರ್ಣಿಮಾಳ ಹೆಸರು ಹಚ್ಚಲು ಅವರಣ್ಣ ಅಲ್ಲಿನ ಶಾಲೆಯಲ್ಲಿ ಕೇಳಿಟ್ಟಿದ್ದಾನೆ.

ಅಕ್ಟೋಬರ್ 6

ದಿನಾ ಊಟವಾದ ಮೇಲೆ ಗುಳಿಗೆ ನುಂಗುತ್ತೇನೆ. ಅವ್ವ ಮುಖ ಆಚೆ ತಿರುಗಿಸುತ್ತಾಳೆ. ಮನೆಯಲ್ಲಿ ಅಟ್ಟದ ಎಣ್ಣೆ ಡಬ್ಬಿ ಕೆಳಗೆ ಬಂದಿದೆ.

ಪೂರ್ಣಿಮಾ ಮಲಗಿದಾಗ ಕಾಲು ಹಿಡಿದು ನೋಡಬೇಕು ಅನ್ನಿಸುತ್ತದೆ. ವೈನಿ ತೊಡೆಯ ಮೇಲೇ ಮಲಗಿಸಿಕೊಳ್ಳುತ್ತಾರೆ. ಗಂಟು ಇಲ್ಲದಿದ್ದರೂ ರಕ್ತದಲ್ಲಿ ಇರಬಹುದು ಎಂದಿದ್ದಾರೆ ಬಾಯಾರು. ನೋಡಿ ಏನು ಮಾಡಲಿ?

ಅಕ್ಟೋಬರ್ 21, ಬೆಳಿಗ್ಗೆ

ವೈನಿ, ಪೂರ್ಣಿಮಾ ಹಳಿಯಾಳದ ಬಸ್ಸಿಗೆ ಹೊರಟರು. ಅಲ್ಲಿಂದ ಮುಂಡಗೋಡ, ಆಮೇಲೆ ಪಾಳಾ. ರೊಟ್ಟಿ ಕಟ್ಟಿಕೊಟ್ಟೆ. ಪೂರ್ಣಿಮಾಳ ತಲೆ ಬಾಚಿ ಎರಡು ಜಡೆ ಹಾಕಿದೆ. ಚಪ್ಪಲಿ ಹರಿದಿತ್ತು. ಶಾಲೆಯಲ್ಲಿ ಕೊಟ್ಟ ಕರಿ ಬೂಟನ್ನೇ ಹಾಕಿದೆ.

"ಅತ್ತೀ, ಬೂಟು ಹಿಂದ ಚುಚ್ಚತಾವ."

"ಹೊಸಾ ಬೂಟು ಅದಾವು, ತಿಕ್ಕತಾವ" ಎಂದೆ. ಅಣ್ಣನ ಮಾತೇ ನನ್ನ ಬಾಯಿಂದ ಬಂತು.

ಬೂಟು ಬಿಚ್ಚಿದೆ. ಸಾಕ್ಸ್ ಇಳಿಸಿದೆ. ಬಲಗಾಲು ಒತ್ತಿದೆ — ಕಚಗುಳಿ ಎಂದು ನಕ್ಕಳು. ಏನೂ ಸಿಗಲಿಲ್ಲ. ಎಡಗಾಲು ಕೈಗೆ ತೆಗೆದುಕೊಂಡೆ. ಒತ್ತುವ ಮೊದಲೇ ವೈನಿ ಬಾಗಿಲಿಗೆ ಬಂದು ನಿಂತರು.

ಹಳೆಯ ಅರಿವೆಯ ತುಂಡು ಮಡಚಿ, ನೋಡದೆ ಉಳಿದ ಎಡಗಾಲಿನ ಬೂಟಿನ ಹಿಂಬದಿಗೆ ಇಟ್ಟೆ. ಲೇಸು ಸಡಿಲಾಗಿ ಕಟ್ಟಿದೆ.